ಆಗುಂಬೆ ಘಾಟಿಯಲ್ಲಿ ಅಂಬಾಸಿಡರ್ ಮತ್ತು ಫಿಯೆಟ್

ನಮ್ಮ ಮಾವನದು ಮಾರ್ಕ್ 4 ಅಂಬಾಸಿಡರ್. ಗೆಳೆಯನ ಮನೆಯಲ್ಲಿರುವುದು ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಅದನ್ನು ಈಗಲೂ ಫಿಯೆಟ್ ಅಂತಲೇ ಕರೀತಾರೆ. ಯಾವುದು ಮೇಲು ಅನ್ನುವ ಚರ್ಚೆ ಇಬ್ಬರ ಮಧ್ಯೆ ಎಂದೂ ನಿಂತಿದ್ದಿಲ್ಲ. ಹಾಗಾಗಿ ಒಂದು ಭಾನುವಾರ ಎರಡನ್ನೂ ಸೋಮೇಶ್ವರಕ್ಕೆ ತಂದು, ಒಂದಾದ ಮೇಲೆ ಒಂದರಂತೆ ಆಗುಂಬೆ ಘಾಟಿ ಹತ್ತಿಸಿದೆವು. ಓಡಿಸುವ ಅದೃಷ್ಟ ನನ್ನದು.

ಲೆಕ್ಕ ನೋಡಿದರೆ ಅಂಬಾಸಿಡರ್‌ದೇ ಮೇಲುಗೈ. 1489 ಸಿಸಿ ಇಂಜಿನ್, ಸುಮಾರು 50 ಅಶ್ವಶಕ್ತಿ. ಫಿಯೆಟ್‌ನದು 1089 ಸಿಸಿ, ಸುಮಾರು 40. ಆದರೆ ತೂಕ ಮರೀಬಾರದು. ಫಿಯೆಟ್ 900 ಕೆಜಿ ಆಸುಪಾಸು, ಅಂಬಾಸಿಡರ್ 1,100 ದಾಟುತ್ತದೆ. ತೂಕಕ್ಕೆ ತಕ್ಕ ಶಕ್ತಿ ಅಂತ ಭಾಗಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ!

ಹಾಗಿದ್ದೂ ಘಾಟಿಯಲ್ಲಿ ಎರಡೂ ಒಂದೇ ಥರ ಹತ್ತಲಿಲ್ಲ. ಅಂಬಾಸಿಡರ್‌ನಲ್ಲಿ ಪಿಸ್ಟನ್ ಸುಮಾರು 89 ಮಿಲಿಮೀಟರ್ ಮೇಲೆ ಕೆಳಗೆ ಓಡುತ್ತದೆ. ಸಿಲಿಂಡರಿನ ಅಗಲ 73 ಮಾತ್ರ. ಪಿಸ್ಟನ್ನಿನ ಈ ಓಟಕ್ಕೇ ಸ್ಟ್ರೋಕ್ ಅನ್ನುವುದು. ಇಂಥ ಉದ್ದ ಸ್ಟ್ರೋಕ್ ಇಂಜಿನ್‌ಗೆ ನಿಧಾನದಲ್ಲೇ ಎಳೆಯುವ ತಾಕತ್ತು ಜಾಸ್ತಿ. ನಾಲ್ಕು ಜನ ಕೂತಿದ್ದರೂ ಹೆಚ್ಚಿನ ತಿರುವುಗಳನ್ನು ಸೆಕೆಂಡ್ ಗೇರಿನಲ್ಲೇ ದಾಟಿತು. ಮಾವ ಹಿಂದಿನ ಸೀಟಿನಿಂದ "ಆಕ್ಸಿಲರೇಟರ್ ತುಳೀಬೇಡ, ಅದೇ ಹತ್ತುತ್ತೆ" ಅನ್ನುತ್ತಿದ್ದರು. ನಿಜವಾಗಿಯೂ ಅದೇ ಹತ್ತಿತು.

ಫಿಯೆಟ್‌ನ ಸ್ಟ್ರೋಕ್ 75, ಅಗಲ 68. ಇಂಜಿನ್ ಸ್ವಲ್ಪ ಜೋರಾಗಿ ತಿರುಗಿದರೇ ಅದಕ್ಕೆ ಉಸಿರು. ಕಡಿದಾದ ತಿರುವಿನಲ್ಲಿ ಸೆಕೆಂಡ್‌ನಲ್ಲಿ ಬಿಟ್ಟರೆ ಗಾಡಿ ಎಳೆಯಲಾರದೆ ಕುಲುಕತೊಡಗುತ್ತದೆ, ಫಸ್ಟ್‌ಗೆ ಹಾಕಲೇಬೇಕು. ಓಡುತ್ತಿರುವಾಗಲೇ ಗೇರು ಸಲೀಸಾಗಿ ಕೂರಿಸುವ ಸಿಂಕ್ರೋಮೆಶ್ ಫಸ್ಟ್ ಗೇರಿಗೆ ಇಲ್ಲ. ಹೆಚ್ಚುಕಡಿಮೆ ನಿಲ್ಲಿಸಿಯೇ ಸ್ಟೇರಿಂಗ್ ಪಕ್ಕದ ಗೇರ್ ಲಿವರ್ ಎಳೆಯಬೇಕು. ಹಿಂದೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದರೆ ಎದೆ ಡವಡವ ಅನ್ನುತ್ತದೆ, ಅಲ್ವಾ?

ಆದರೆ ಘಾಟಿ ಮುಗಿದು ಆಗುಂಬೆಯಿಂದ ಮುಂದೆ ತೀರ್ಥಹಳ್ಳಿ ದಾರಿಗೆ ಬಿದ್ದ ಮೇಲೆ ನನ್ನ ಮನಸ್ಸು ಪೂರ್ತಿ ಫಿಯೆಟ್ ಕಡೆಗೇ ವಾಲಿತು. ಅಂಕುಡೊಂಕು ರಸ್ತೆಯಲ್ಲಿ ಕೈ ಹೇಳಿದಂತೆ ಕೇಳುತ್ತದೆ. ಥರ್ಡ್‌ನಲ್ಲಿ ಇಂಜಿನ್ ದನಿಯೇ ಒಂದು ಖುಷಿ. ಅಂಬಾಸಿಡರ್ ಹೊಂಡಗಳನ್ನು ನುಂಗಿ ಹೋಗುತ್ತದೆ, ಅದರ ಹಿಂದಿನ ಸೀಟಿನ ಸುಖಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ತಿರುವಿನಲ್ಲಿ ಓಲಾಡುತ್ತದೆ. ಸ್ಟೇರಿಂಗ್ ತಿರುಗಿಸಿ ತಿರುಗಿಸಿ ನನ್ನ ಭುಜ ನೋವು ಬಂದಿತ್ತು. ಓಡಿಸುವ ಆಸೆಗೆ ಗಾಡಿ ಇಟ್ಟುಕೊಳ್ಳುವವರಿಗೆ ನಾನು ಫಿಯೆಟ್ಟನ್ನೇ ಹೇಳುವುದು.

ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಅಂಬಾಸಿಡರ್ 2014ರವರೆಗೂ ಬರುತ್ತಿತ್ತು. ಹಾಗಾಗಿ ಬಿಡಿಭಾಗ ಹುಡುಕುವ ಪಾಡು ಗೆಳೆಯನಿಗೇ ಜಾಸ್ತಿ. ಆದರೂ ವಾಪಸ್ ಇಳಿಯುವಾಗ ಮಾವನೇ ಫಿಯೆಟ್‌ನ ಕೀ ಕೇಳಿದರು. ಸೋಮೇಶ್ವರದಲ್ಲಿ ಇಳಿದವರೇ ಗೆಳೆಯನ ಹೆಗಲ ಮೇಲೆ ಕೈ ಹಾಕಿದರು.

"ಮಾರೋದಾದ್ರೆ ಮೊದಲು ನಂಗೆ ಹೇಳು ಮಾರಾಯ."