ಗುಟ್ಟು ಕಿವಿಗೆ ಬಿದ್ದ ಮೇಲಿನ ಹತ್ತು ನಿಮಿಷ

ಬೆಳಿಗ್ಗೆ ಹತ್ತಕ್ಕೆ ಶಿವಾಜಿನಗರದ ಸಭಾಂಗಣ ತುಂಬಿತ್ತು. ಅರ್ಚಕರು, ಮೌಲಾನಾಗಳು, ಪಾದ್ರಿಗಳು, ಇಬ್ಬರು ಸ್ವಾಮೀಜಿಗಳು, ಒಟ್ಟು 22 ಮಂದಿ. ಎಚ್‌ಐವಿ ಬಗ್ಗೆ ಧರ್ಮಗುರುಗಳಿಗೆ ಒಂದು ದಿನದ ತರಬೇತಿ. ಇದನ್ನು ವೈರಾಣುವಿನ ಚಿತ್ರ ತೋರಿಸಿ ಶುರು ಮಾಡಬಾರದು. ನೋಡಿ ತಲೆಯಾಡಿಸುತ್ತಾರೆ, ಊಟದ ಹೊತ್ತಿಗೆ ಮರೆಯುತ್ತಾರೆ. ಅದಕ್ಕೇ ಮೊದಲು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದೆವು. ಒಬ್ಬರು ತಾಯಿ: "ಸ್ವಾಮಿ, ನನ್ನ ಮಗನಿಗೆ ಆ ಕಾಯಿಲೆ ಅಂತೆ. ಯಾರಿಗೂ ಹೇಳಿಲ್ಲ." ಇನ್ನೊಬ್ಬರು ಗುರುಗಳಾಗಿಯೇ ಉತ್ತರ ಕೊಡಬೇಕು.

ಬಹುತೇಕರ ಬಾಯಲ್ಲಿ ಮೊದಲು ಬಂದದ್ದು ಒಂದೇ ಮಾತು: "ಹೇಗೆ ಬಂತು?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಬಾಯಿಗೆ ಬಂದುಬಿಡುತ್ತದೆ. ತಾಯಿಯಾಗಿ ಕೂತಿದ್ದ ವಯಸ್ಸಾದ ಅರ್ಚಕರೊಬ್ಬರು ಆ ಪ್ರಶ್ನೆಗೆ ಶಲ್ಯದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತಲೆ ತಗ್ಗಿಸಿದರು. ಬರೀ ನಟನೆ ಎಂದು ಗೊತ್ತಿದ್ದರೂ ಅವರಿಂದ ಮುಂದಿನ ಮಾತು ಹೊರಡಲಿಲ್ಲ. ನಿಜವಾದ ತಾಯಿಯಾಗಿದ್ದರೆ ಎದ್ದು ಹೋಗಿರುತ್ತಿದ್ದಳು, ಮತ್ತೆ ಬರುತ್ತಿರಲಿಲ್ಲ.

ಕೇಳಬೇಕಾದದ್ದು ಬೇರೆ. ಪರೀಕ್ಷೆ ಎಲ್ಲಿ ಆಯಿತು? ಮಾತ್ರೆ ಶುರುವಾಯಿತೇ? ಮನೆಯಲ್ಲಿ ಯಾರಿಗೆ ಗೊತ್ತು?

ಪರೀಕ್ಷೆಯ ಜಾಗ ಯಾಕೆ ಮುಖ್ಯ ಎಂದರೆ, ಯಾವುದೋ ಲ್ಯಾಬಿನಲ್ಲಿ ಒಂದೇ ಕಿಟ್‌ನಿಂದ ಬಂದ ಚೀಟಿ ಕೊನೆಯ ಮಾತಲ್ಲ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಮೂರು ಬೇರೆ ಬೇರೆ ಕಿಟ್‌ಗಳು ಒಂದೇ ಉತ್ತರ ಕೊಟ್ಟರೆ ಮಾತ್ರ ಪಾಸಿಟಿವ್ ಎನ್ನುತ್ತಾರೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಪರೀಕ್ಷೆಗೆ ಮೊದಲೂ ಆಮೇಲೂ ಆಪ್ತ ಸಮಾಲೋಚಕರು ಕೂತು ಮಾತಾಡುತ್ತಾರೆ. ಅಲ್ಲಿಂದ ಬೌರಿಂಗ್, ವಿಕ್ಟೋರಿಯಾದಂಥ ಆಸ್ಪತ್ರೆಗಳಲ್ಲಿ ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ. ಸಿಡಿ4 ಎಂಬ ರೋಗನಿರೋಧಕ ಕಣಗಳ ಎಣಿಕೆ ಇಳಿಯುವವರೆಗೆ ಕಾಯುವ ಪದ್ಧತಿ 2017ಕ್ಕೇ ಮುಗಿಯಿತು. ಸೋಂಕು ಖಚಿತವಾದವರಿಗೆಲ್ಲ ಚಿಕಿತ್ಸೆ. ಹೆಚ್ಚಿನವರಿಗೆ ಮೂರು ಔಷಧಗಳು ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಆರು ತಿಂಗಳಿಗೆ ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆ. ವೈರಾಣು ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ದೈಹಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಮದುವೆ ಮಾಡಿಸುವವರಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ. ಅಂದು ಅಲ್ಲಿದ್ದ ಹೆಚ್ಚಿನವರಿಗೆ ಇದು ಹೊಸದು.

ಎಡವಟ್ಟಾಗುವುದು ಮಾತ್ರೆ ಶುರುವಾಗಿ ಮೈ ಸುಧಾರಿಸಿದ ಮೇಲೆ. "ದೇವರು ವಾಸಿ ಮಾಡಿದ, ಇನ್ನು ಮಾತ್ರೆ ಯಾಕೆ" ಎಂದು ನಿಲ್ಲಿಸುತ್ತಾರೆ. ಕೆಲವೇ ವಾರಗಳಲ್ಲಿ ವೈರಾಣು ಮತ್ತೆ ಏರುತ್ತದೆ. ಬಿಟ್ಟುಬಿಟ್ಟು ನುಂಗಿದರೆ ಅದು ಔಷಧಕ್ಕೇ ಬಗ್ಗದಂತಾಗಬಹುದು. ಇಲ್ಲಿ ವೈದ್ಯರಿಗಿಂತ ಗುರುಗಳ ಮಾತು ಹೆಚ್ಚು ನಡೆಯುತ್ತದೆ: "ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ."

ಮೌಲಾನಾ ಒಬ್ಬರು ರಂಜಾನ್ ಉಪವಾಸದ ಬಗ್ಗೆ ಕೇಳಿದರು. ಈ ಮಾತ್ರೆಯನ್ನು ಊಟದ ಜೊತೆಗೂ ನುಂಗಬಹುದು, ಖಾಲಿ ಹೊಟ್ಟೆಗೂ ನುಂಗಬಹುದು. ಹಾಗಾಗಿ ಇಫ್ತಾರ್ ಆದ ಮೇಲೆ ಒಂದು ಹೊತ್ತು ಗೊತ್ತು ಮಾಡಿಕೊಂಡರೆ ಸಾಕು. ಏಕಾದಶಿಗೂ ರಾತ್ರಿಯ ಹೊತ್ತೇ ವಾಸಿ. ಉಪವಾಸದಲ್ಲಿ ಹೊಟ್ಟೆ ಉರಿದು ಗ್ಯಾಸ್‌ನ ಔಷಧ ಕುಡಿಯುವವರು ಮಾತ್ರ ಎಚ್ಚರದಿಂದಿರಬೇಕು. ಅದರಲ್ಲಿನ ಅಲ್ಯುಮಿನಿಯಂ, ಮೆಗ್ನೀಸಿಯಂ ಈ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧ ಮೈಗೆ ಹತ್ತದಂತೆ ಮಾಡುತ್ತವೆ. ಎಆರ್‌ಟಿ ಮಾತ್ರೆಯನ್ನು ಅದಕ್ಕೆ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ಬಿಟ್ಟು ನುಂಗಬೇಕು.

ಗುಟ್ಟಿನ ವಿಷಯಕ್ಕೆ ಬಂದಾಗ ಪಾದ್ರಿಯೊಬ್ಬರು ತಾವಾಗಿಯೇ ಬಾಯಿಬಿಟ್ಟರು. ಸಭೆಯಲ್ಲಿ ಸೋಂಕಿರುವ ಒಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡಿಸಿದ್ದರಂತೆ, ಪ್ರೀತಿಯಿಂದಲೇ. ಆ ಮನೆಯವರು ತಿಂಗಳೊಳಗೆ ಬಾಡಿಗೆ ಮನೆ ಬಿಡಬೇಕಾಯಿತು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಂಬಿ ಹೇಳಿಕೊಂಡದ್ದನ್ನು ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು ಅದು ನಿಷೇಧಿಸುತ್ತದೆ. ಗುರುಗಳಿಗೆ ವಿನಾಯಿತಿಯಿಲ್ಲ. ಪ್ರಾರ್ಥನೆಗೆ ಹೆಸರು ಬೇಕಿಲ್ಲ, ರೋಗದ ಹೆಸರಂತೂ ಬೇಡವೇ ಬೇಡ.

ತೀರ್ಥ, ಪ್ರಸಾದ, ಒಂದೇ ಬಟ್ಟಲಿನ ದ್ರಾಕ್ಷಾರಸ, ಇವುಗಳಿಂದ ಹರಡುವುದಿಲ್ಲ. ಮುಡಿ ಕೊಡುವಲ್ಲಿ, ಖತ್ನಾ ಮಾಡುವಲ್ಲಿ ತಲೆಗೊಂದು ಹೊಸ ಬ್ಲೇಡು. ತೀರಿಕೊಂಡವರಿಗೆ ಸ್ನಾನ ಮಾಡಿಸುವವರು ಕೈಗವಸು ಹಾಕಿ, ತಮ್ಮ ಕೈಯ ಗಾಯ ಮುಚ್ಚಿಕೊಂಡರೆ ವಿಧಿ ಎಂದಿನಂತೆ ನಡೆಯಬಹುದು.

ಊಟವಾದ ಮೇಲೆ ಹಿರಿಯ ಸ್ವಾಮೀಜಿ ಮೆಲ್ಲಗೆ ಕೇಳಿದರು: "ಗುರುವಿಗೇ ಬಂದರೆ?" ಉಗಾಂಡದ ಆಂಗ್ಲಿಕನ್ ಪಾದ್ರಿ ಗಿಡಿಯನ್ ಬ್ಯಾಮುಗಿಶಾ ತಮಗೆ ಸೋಂಕಿದೆ ಎಂದು 1992ರಲ್ಲೇ ಬಹಿರಂಗವಾಗಿ ಹೇಳಿದ್ದನ್ನು ತಿಳಿಸಿದೆವು. ಅವರು ಪೀಠ ಬಿಡಲಿಲ್ಲ. ಸೋಂಕಿರುವ ಬೇರೆ ಧರ್ಮಗುರುಗಳನ್ನೂ ಒಟ್ಟುಗೂಡಿಸಿದರು. ಸಭಾಂಗಣದಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ನಾಲ್ಕು ಗಂಟೆಗೆ ಅದೇ ಜೋಡಿಗಳು ಮತ್ತೆ ಕೂತವು. ಶಲ್ಯದ ಅರ್ಚಕರು ಮತ್ತೆ ತಾಯಿ. ಎದುರಿನ ಯುವ ಮೌಲಾನಾ ಸ್ವಲ್ಪ ಮುಂದೆ ಬಾಗಿ, "ಮಗ ಮಾತ್ರೆ ತಗೊಳ್ತಿದ್ದಾನಾ, ಅಮ್ಮ?" ಎಂದರು. ಆಮೇಲೆ ಜೇಬಿನ ಚೀಟಿಯ ಹಿಂದೆ ಸಹಾಯವಾಣಿ 1097 ಎಂದು ಬರೆದು, ಯಾರಿಗೂ ಕಾಣದ ಹಾಗೆ ಮಡಚಿ, ಅವರ ಅಂಗೈಯಲ್ಲಿಟ್ಟರು.