ಅದು ಶಾರ್ಟ್‌ಕಟ್ ಅಲ್ಲ ಮಾರಾಯರೆ

"ಬಲ ಎಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ, ಅಷ್ಟು ಸಾಕಲ್ಲ ಸರ್, ಮತ್ತೆ ಈ ಆವೇಗ, ಸಂವೇಗ ಯಾಕೆ?" ಪಿಯುಸಿ ಮಕ್ಕಳು ಕೇಳಿದರೆ ಉತ್ತರಿಸುತ್ತೇನೆ, ಸಂಬಳ ಅದಕ್ಕೇ ಕೊಡುತ್ತಾರೆ. ಅಪ್ಪಂದಿರ ಧಾಟಿಯೇ ಬೇರೆ. ಉಡುಪಿಯಲ್ಲೊಂದು ಮದುವೆಯೂಟಕ್ಕೆ ಕುಳಿತಿದ್ದೆ. ಸಾರು ಬಿದ್ದು ಅನ್ನದ ಕಟ್ಟೆ ಒಡೆಯುವ ಹೊತ್ತಿಗೆ ಪಕ್ಕದವರು ಬಾಗಿ, "ಆ ಮೊಮೆಂಟಮ್ ಶಾರ್ಟ್‌ಕಟ್ ಒಂದನ್ನು ಮಗನಿಗೆ ಹೇಳಿಕೊಡಿ, ಸಿಇಟಿಗೆ ಬೇಕಂತೆ" ಎಂದರು. ಹೋಳಿಗೆ ಬರುವವರೆಗೂ ಬಿಡಲಿಲ್ಲ.

ಶಾರ್ಟ್‌ಕಟ್ಟಂತೆ! ನ್ಯೂಟನ್ 1687ರಲ್ಲಿ ತನ್ನ ಎರಡನೆಯ ನಿಯಮವನ್ನು ಹೇಳಿದ್ದೇ ಸಂವೇಗದ (ಅದೇ ಮೊಮೆಂಟಮ್, ದ್ರವ್ಯರಾಶಿ ಗುಣಿಸು ವೇಗ) ಬದಲಾವಣೆಯ ಲೆಕ್ಕದಲ್ಲಿ. ನೀವು ರಾಜಮಾರ್ಗ ಎಂದು ನಂಬಿರುವ ಸೂತ್ರ ಆಮೇಲೆ ಬಂದದ್ದು.

ಸಿಪ್ಪೆ ಸಮೇತ ಒಂದೂವರೆ ಕಿಲೋ ತೂಗುವ ತೆಂಗಿನಕಾಯಿಯನ್ನೇ ನೋಡಿ. ಭೂಮಿ ಅದನ್ನು ಸುಮಾರು 15 ನ್ಯೂಟನ್ ಬಲದಿಂದ ಎಳೆಯುತ್ತದೆ. ಹತ್ತು ಮೀಟರಿನಷ್ಟು ಎತ್ತರದಿಂದ ಬೀಳಲು 1.4 ಸೆಕೆಂಡು, ನೆಲಕ್ಕೆ ತಾಗಿ, ಪುಟಿಯದೆ ನಿಲ್ಲಲು 0.01 ಸೆಕೆಂಡು ಎನ್ನೋಣ. ನೆಲ ಎಷ್ಟು ಬಲದಿಂದ ತಡೆಯಿತು? ಮಕ್ಕಳು ಮೊದಲು ವೇಗ ಹುಡುಕುತ್ತಾರೆ, ಆಮೇಲೆ ವೇಗೋತ್ಕರ್ಷ, ನಡುವೆ ಪ್ಲಸ್ಸೋ ಮೈನಸ್ಸೋ ಎಂಬ ಜಗಳ, ಕೊನೆಗೆ ಕಾಯಿಯ ತೂಕವನ್ನು ಕೂಡಿಸಲು ಮರೆಯುತ್ತಾರೆ. ಇಷ್ಟೆಲ್ಲ ಯಾಕೆ? ಕಾಯಿ ಮೊದಲೂ ನಿಶ್ಚಲ, ಕೊನೆಗೂ ನಿಶ್ಚಲ. ಒಟ್ಟಾರೆ ಸಂವೇಗ ಬದಲಾಗಿಲ್ಲ. ಬಲವನ್ನು ಕಾಲದಿಂದ ಗುಣಿಸಿದರೆ ಆವೇಗ; ಸಂವೇಗ ಬದಲಾಗುವುದು ಅದರಷ್ಟೇ. ಭೂಮಿ ಕೆಳಕ್ಕೆ ಕೊಟ್ಟ ಆವೇಗವನ್ನು ನೆಲ ಮೇಲಕ್ಕೆ ಒತ್ತಿ ಪೂರ್ತಿ ತೀರಿಸಿರಲೇಬೇಕು. ಬೀಳುವಾಗಲೂ ನಿಲ್ಲುವಾಗಲೂ ಭೂಮಿ ಎಳೆಯುತ್ತಲೇ ಇತ್ತು, ಒಟ್ಟು 1.41 ಸೆಕೆಂಡು; ನೆಲ ಒತ್ತಿದ್ದು 0.01 ಸೆಕೆಂಡು ಮಾತ್ರ. 15ನ್ನು 1.41ರಿಂದ ಗುಣಿಸಿ 0.01ರಿಂದ ಭಾಗಿಸಿ. ಸರಾಸರಿ 2115 ನ್ಯೂಟನ್. ಸುಲಭವಾಯಿತು ಎಂಬ ಕಾರಣಕ್ಕೆ ಇದನ್ನು ಕಳ್ಳದಾರಿ ಎನ್ನಬೇಡಿ.

ಕೇಳಬೇಕಾದ ಪ್ರಶ್ನೆಯನ್ನಂತೂ ಯಾರೂ ಕೇಳುವುದಿಲ್ಲ: ಆ 0.01 ಸೆಕೆಂಡು ಎಲ್ಲಿಂದ ಬಂತು? ಲೆಕ್ಕದಲ್ಲಿ ಕೊಟ್ಟಿದ್ದಾರೆ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಕಾಯಿ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 14 ಮೀಟರ್. ಒಂದೇ ಸಮನೆ ಕುಗ್ಗುತ್ತಾ ಸೊನ್ನೆಗಿಳಿದರೆ ಸರಾಸರಿ 7. ಹಾಗಾದರೆ 0.01 ಸೆಕೆಂಡಿನಲ್ಲಿ ಅದು ಇನ್ನೂ 7 ಸೆಂಟಿಮೀಟರ್ ಇಳಿದಿರುತ್ತದೆ. ಆಟಿಯ ಮಳೆಗೆ ನೆನೆದ ತೋಟದ ಮಣ್ಣಾದರೆ ಸರಿ. ಸಿಮೆಂಟಿನ ಅಂಗಳದಲ್ಲಿ 7 ಸೆಂಟಿಮೀಟರ್ ಇಳಿಯುವುದು ಎಲ್ಲಿಗೆ? ಅಲ್ಲಿ ಸಿಪ್ಪೆ 1.4 ಸೆಂಟಿಮೀಟರ್ ತಗ್ಗಿತು ಎಂದುಕೊಂಡರೆ ಕಾಲ 0.002 ಸೆಕೆಂಡಿಗೆ ಇಳಿಯುತ್ತದೆ, ಬಲ ಹತ್ತು ಸಾವಿರ ನ್ಯೂಟನ್ ದಾಟುತ್ತದೆ. ಕಾಯಿ ಅದೇ, ಮರ ಅದೇ, ಬಿದ್ದ ವೇಗವೂ ಅದೇ.

ಇದು ಸಿಇಟಿಗೆ ಬರುತ್ತದೆಯೇ ಎಂದು ದಯವಿಟ್ಟು ಕೇಳಬೇಡಿ.