ಚದರಡಿ ರೇಟಿನಲ್ಲಿ ಬಾರದ ಖರ್ಚು

ನನ್ನ ತಮ್ಮ ಹೋದ ತಿಂಗಳು ಗದಗಿನಲ್ಲಿ 30×40 ಸೈಟ್ ತಗೊಂಡ. "ಅಕ್ಕಾ, ಸಾವಿರ ಚದರಡಿ ಮನಿ ಕಟ್ಟಾಕ ಎಷ್ಟು ಬೇಕಾಗ್ತದ?" ಅಂತ ಫೋನ್ ಮಾಡಿದ. ನಾನು ಕಪಾಟಿನಿಂದ ನಮ್ಮ ಮನೆಯ ಲೆಕ್ಕದ ಪುಸ್ತಕ ತೆಗೆದೆ.

2022ರಲ್ಲಿ ನಾವೂ ಸಾವಿರ ಚದರಡಿ ಮನೆ ಕಟ್ಟಿಸುವಾಗ ಗುತ್ತಿಗೆದಾರರು ಚದರಡಿಗೆ 1,900 ರೂಪಾಯಿ ಹೇಳಿದ್ದರು. ಅಂದರೆ 19 ಲಕ್ಷ. ಮೇಲೆ ಒಂದು ಲಕ್ಷ ಇರಲಿ ಅಂತ 20 ಬರೆದುಕೊಂಡೆವು. ಮನೆ ಮುಗಿದಾಗ ಪುಸ್ತಕದಲ್ಲಿ 26,40,000 ಇತ್ತು. ಯಾರೂ ಮೋಸ ಮಾಡಿರಲಿಲ್ಲ. ಆ ರೇಟಿನಲ್ಲಿ ಏನೇನು ಸೇರಿದೆ ಅಂತ ನಾವೇ ಕೇಳಿರಲಿಲ್ಲ.

ಮೊದಲು ಕೈ ಕಚ್ಚಿದ್ದು ಪಾಯ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮೇಲಿನ ಗೋಡೆಯನ್ನೂ ಸೀಳುತ್ತದೆ. ರೇಟು ಹೇಳಿದ್ದು 5 ಅಡಿ ಆಳಕ್ಕೆ. 5 ಅಡಿ ಅಗೆದರೂ ಕರಿ ಮಣ್ಣೇ. ಗೌಂಡಿ ಗುಂಡಿಗೆ ಇಳಿದು ಒಂದು ಹಿಡಿ ಹಿಸುಕಿ ನೋಡಿದರು. "ಅಕ್ಕಾರ, ಗಟ್ಟಿ ಗರಸು ಸಿಗೋತನಕ ಇಳೀಬೇಕ್ರಿ. ಇಲ್ಲಿ ರೊಕ್ಕ ಉಳಸಬ್ಯಾಡ್ರಿ" ಅಂದರು. ಗರಸು ಅಂದರೆ ಹರಳು ಕಲ್ಲು ಬೆರೆತ ಗಟ್ಟಿ ಮಣ್ಣು. 8 ಅಡಿಗೆ ಸಿಕ್ಕಿತು. ಹೆಚ್ಚಿನ ಅಗೆತ, ಕಾಲಂಗೆ ಕಬ್ಬಿಣ, ಕಾಂಕ್ರೀಟ್, ಆಮೇಲೆ ಒಳಗೆ ತುಂಬಲು ಲಾರಿ ಲಾರಿ ಗರಸು. ಅಗೆದ ಎರೆ ಮಣ್ಣನ್ನೇ ತಿರುಗಿ ತುಂಬಿದರೆ ನೆಲದ ಟೈಲ್ಸ್ ಎದ್ದು ಬರುತ್ತದೆ. ಒಟ್ಟು 1,60,000. ಮನೆ ಇನ್ನೂ ನೆಲದ ಮೇಲೆ ಕಾಣಿಸಿರಲಿಲ್ಲ! ಆ ದುಡ್ಡಿಗೆ ನನಗೆ ಇವತ್ತಿಗೂ ಬೇಸರವಿಲ್ಲ, ಗೋಡೆಯಲ್ಲಿ ಒಂದು ಗೆರೆಯೂ ಬಿದ್ದಿಲ್ಲ. ಆದರೆ ಮೊದಲೇ ಗೊತ್ತಿದ್ದಿದ್ದರೆ ಬಳೆ ಅಡ ಇಡುವುದು ತಪ್ಪುತ್ತಿತ್ತು.

ಕಂಪೌಂಡ್, ಗೇಟು, ನೀರಿನ ಸಂಪು ಕೂಡ ಆ ರೇಟಿನ ಹೊರಗೆ. 2,90,000.

ಇನ್ನೊಂದು, ಬ್ಯಾಂಕ್ ಸಾಲ. ಮಂಜೂರಾದ ದಿನ ದುಡ್ಡು ಕೈಗೆ ಬರುವುದಿಲ್ಲ. ಹಂತ ಹಂತವಾಗಿ ಬರುತ್ತದೆ, ಅದೂ ಆಯಾ ಹಂತದ ಕೆಲಸ ಮುಗಿದ ಮೇಲೆ. ಗುತ್ತಿಗೆದಾರರಿಗೆ ಸ್ಲ್ಯಾಬ್ ಹಾಕುವ ಮೊದಲೇ ಕೊಡಬೇಕು, ಬ್ಯಾಂಕಿನವರು ಸ್ಲ್ಯಾಬ್ ಬಿದ್ದ ಮೇಲೆ ನೋಡಿ ಕೊಡುತ್ತಾರೆ. ನಮಗೆ ಆ ನಡುವೆ 19 ದಿನ ಆಯಿತು. ಅಷ್ಟು ದಿನ ದಾಟಲು ಕೈಯಲ್ಲಿ ಎರಡು ಮೂರು ಲಕ್ಷ ಇರಲೇಬೇಕು. ಅತ್ತ ಬಂದಷ್ಟು ಸಾಲಕ್ಕೆ ಬಡ್ಡಿ, ಇತ್ತ ಹಳೆ ಮನೆಯ ಬಾಡಿಗೆ. ತಿಂಗಳಿಗೆ 8,000ದಂತೆ 13 ತಿಂಗಳಿಗೆ 1,04,000. ಬಾಡಿಗೆಯನ್ನು ಮನೆ ಕಟ್ಟುವ ಖರ್ಚಿಗೆ ಯಾರು ಸೇರಿಸುತ್ತಾರೆ, ಅಲ್ವಾ? ಆದರೆ ಅದೂ ಅದೇ ಸಂಬಳದಿಂದಲೇ ಹೋಗಬೇಕು. ಉಳಿದದ್ದೆಲ್ಲ ಬಾಗಿಲ ಕಟ್ಟಿಗೆ, ದೀಪ, ನಲ್ಲಿ, ವಾಸ್ತುಶಾಂತಿಗೆ ಹೋಯಿತು.

ತಮ್ಮನಿಗೆ ಇನ್ನೂ ಒಟ್ಟು ಮೊತ್ತ ಹೇಳಿಲ್ಲ. ಸುಮ್ನೆ ಒಂದು ಅಂಕಿ ಹೇಳಿದರೆ ಅವನು ಅದನ್ನೇ ನಂಬಿಕೊಂಡು ಬಿಡುತ್ತಾನೆ. ರೇಟು ಮಾತಾಡುವ ಮೊದಲು ಸೈಟಿನ ಮೂರು ಕಡೆ ಗುಂಡಿ ತೋಡಿಸಿ, ಗರಸು ಎಷ್ಟು ಅಡಿಗಿದೆ ನೋಡು ಅಂದಿದ್ದೇನೆ. ಭಾನುವಾರ ಜೆಸಿಬಿ ಬರುತ್ತದಂತೆ. ಪುಸ್ತಕ ಹಿಡಿದುಕೊಂಡು ನಾನೂ ಹೋಗುತ್ತಿದ್ದೇನೆ.